ಮಾಂಟ್‌ಗೊಮರಿಯ ನ್ಯಾಯಾಧೀಶ

ನ್ಯಾಯಾಸ್ಥಾನದ ಕೈಯಲ್ಲಿ ಕತ್ತಿಯೂ ಇಲ್ಲ, ಬೊಕ್ಕಸದ ಬೀಗದಕೈಯೂ ಇಲ್ಲ ಎಂಬುದು ರಾಜ್ಯಶಾಸ್ತ್ರದ ಹಳೆಯ ಮಾತು. ದಂಡು ಸರ್ಕಾರದ್ದು, ಹಣ ಶಾಸನಸಭೆಯದು, ನ್ಯಾಯಾಧೀಶನ ಪಾಲಿಗೆ ಉಳಿಯುವುದು ಒಂದು ಹಾಳೆ ಮತ್ತು ಅದರ ಕೆಳಗಿನ ಒಂದು ಸಹಿ. ಆ ಹಾಳೆಯನ್ನು ಜನ ಏಕೆ ಮನ್ನಿಸುತ್ತಾರೆ? ಮನ್ನಿಸದಿದ್ದರೆ ಏನಾಗುತ್ತದೆ? ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಸಂವಿಧಾನ ಕೊಟ್ಟ ವರವನ್ನು ಊರಿನ ಪೂಜಾರಿಗಳು ತಡೆಹಿಡಿದ ಕಥೆ ಎಲ್ಲ ದೇಶಗಳಲ್ಲಿಯೂ ಉಂಟು. ಅಮೆರಿಕದ ದಕ್ಷಿಣದ ಸಂಸ್ಥಾನಗಳಲ್ಲಿ ಆ ವರ ಸುಮಾರು ತೊಂಬತ್ತು ವರ್ಷಗಳ ಕಾಲ ಗರ್ಭಗುಡಿಯಲ್ಲಿಯೇ ಉಳಿಯಿತು. ಅದನ್ನು ಹೊರತಂದು ಹಂಚಿದವರಲ್ಲಿ ಅಲಬಾಮ ಸಂಸ್ಥಾನದ ನ್ಯಾಯಾಧೀಶ ಫ್ರಾಂಕ್ ಮಿನಿಸ್ ಜಾನ್ಸನ್ನರು ಒಬ್ಬರು. ಮಾರ್ಟಿನ್ ಲೂಥರ್ ಕಿಂಗರ ಹೆಸರನ್ನು ಕೇಳದ ವಾಚಕರಿಲ್ಲ; ಅವರ ನಡಿಗೆಗೆ ದಾರಿ ತೆರೆದ ಈ ನ್ಯಾಯಾಧೀಶರ ಹೆಸರನ್ನು ಕೇಳಿದವರು ನಮ್ಮಲ್ಲಿ ವಿರಳ.

ಜಾನ್ಸನ್ನರು ಹುಟ್ಟಿದ್ದು 1918ರ ಅಕ್ಟೋಬರಿನಲ್ಲಿ, ಅಲಬಾಮದ ಉತ್ತರ ಭಾಗದ ವಿನ್‌ಸ್ಟನ್ ಕೌಂಟಿಯಲ್ಲಿ. ಇದು ಗುಡ್ಡಗಾಡಿನ ಸೀಮೆ. ದಕ್ಷಿಣದ ಕಪ್ಪು ಮಣ್ಣಿನ ಬಯಲಿನಲ್ಲಿ ಹತ್ತಿಯ ದೊಡ್ಡ ತೋಟಗಳಿದ್ದವು, ಆ ತೋಟಗಳಿಗೆ ಗುಲಾಮರಿದ್ದರು. ಇಲ್ಲಿನ ರೈತನಿಗಾದರೋ ಇದ್ದದ್ದು ತುಂಡು ಭೂಮಿ ಮತ್ತು ತನ್ನದೇ ಎರಡು ತೋಳು. 1861ರಲ್ಲಿ ಅಲಬಾಮ ಸಂಯುಕ್ತ ರಾಷ್ಟ್ರದಿಂದ ಸಿಡಿದು ಹೊರಬಂದಾಗ ವಿನ್‌ಸ್ಟನ್ನಿನ ಜನ ಅದಕ್ಕೆ ಒಪ್ಪಲಿಲ್ಲ. ಸಾಹುಕಾರರ ಗುಲಾಮರಿಗಾಗಿ ನಾವೇಕೆ ಸಾಯಬೇಕು ಎಂದರು. ಅಂದಿನಿಂದ ಆ ಸೀಮೆಗೆ ‘ಸ್ವತಂತ್ರ ವಿನ್‌ಸ್ಟನ್ ಸಂಸ್ಥಾನ’ ಎಂಬ ಅರ್ಧ ಹಾಸ್ಯದ, ಅರ್ಧ ಹೆಮ್ಮೆಯ ಹೆಸರು ನಿಂತಿತು. ಅಲಬಾಮದ ಬಿಳಿಯರೆಲ್ಲ ಡೆಮೊಕ್ರಾಟ್ ಪಕ್ಷಕ್ಕೆ ಕಣ್ಣುಮುಚ್ಚಿ ಮತ ಕೊಡುತ್ತಿದ್ದ ಕಾಲದಲ್ಲಿಯೂ ಇಲ್ಲಿಯವರು ಲಿಂಕನ್ನನ ರಿಪಬ್ಲಿಕನ್ ಪಕ್ಷವನ್ನು ಬಿಡಲಿಲ್ಲ. ಜಾನ್ಸನ್ನರ ತಂದೆ ಆ ಪಕ್ಷದಿಂದ ಸಂಸ್ಥಾನದ ಶಾಸನಸಭೆಗೆ ಆರಿಸಿ ಬಂದವರು. ಎದುರು ಪಕ್ಷದ ಕಡಲಿನ ನಡುವೆ ಒಂಟಿ ದ್ವೀಪದಂತೆ ಕುಳಿತವರು. ನೆರೆಹೊರೆಯೆಲ್ಲ ಒಂದು ಕಡೆಗಿದ್ದಾಗ ಇನ್ನೊಂದು ಕಡೆ ನಿಲ್ಲುವುದು ಮಗನಿಗೆ ಹೊಸ ಪಾಠವಾಗಿರಲಿಲ್ಲವೆಂದು ತೋರುತ್ತದೆ.

1943ರಲ್ಲಿ ಅಲಬಾಮ ವಿಶ್ವವಿದ್ಯಾನಿಲಯದಿಂದ ಕಾನೂನು ಪದವಿ ಪಡೆದರು. ಅಲ್ಲಿ ಅವರಿಗೊಬ್ಬ ಗೆಳೆಯನಿದ್ದ. ಚುರುಕು ಮಾತಿನ, ಮುಷ್ಟಿಯುದ್ಧದಲ್ಲಿ ಪಳಗಿದ ಆ ಯುವಕನ ಹೆಸರು ಜಾರ್ಜ್ ವಾಲೆಸ್. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಅದು ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಸೈನ್ಯದ ಕೋರ್ಟಿನಲ್ಲಿ

ಪದವಿ ಮುಗಿಯುತ್ತಲೇ ಸೈನ್ಯ ಸೇರಿದರು. ಕಾಲ್ದಳದ ಅಧಿಕಾರಿಯಾಗಿ ನಾರ್ಮಂಡಿಯ ರಣರಂಗದಲ್ಲಿ ಎರಡು ಸಲ ಗಾಯಗೊಂಡರು. ಶೌರ್ಯಕ್ಕಾಗಿ ಪದಕ ಪಡೆದರು. ಗಾಯಾಳು ಅಧಿಕಾರಿಯನ್ನು ಇಂಗ್ಲೆಂಡಿಗೆ ಕಳುಹಿಸಿ, ಕಾನೂನು ಓದಿದವನೆಂದು ಸೈನ್ಯದ ನ್ಯಾಯ ವಿಭಾಗದ ಕೆಲಸಕ್ಕೆ ಹಚ್ಚಿದರು. ಬಂದೂಕು ಹಿಡಿದಿದ್ದ ಕೈ ಕಾಗದಪತ್ರ ಹಿಡಿಯಿತು.

ಅಲ್ಲಿ ಎದುರಾದದ್ದು ಲಿಚ್‌ಫೀಲ್ಡ್ ಮೊಕದ್ದಮೆ. ಇಂಗ್ಲೆಂಡಿನ ಲಿಚ್‌ಫೀಲ್ಡಿನಲ್ಲಿ ಅಮೆರಿಕದ ಸೈನ್ಯದ ದೊಡ್ಡದೊಂದು ಶಿಬಿರವಿತ್ತು. ರಜೆ ಮೀರಿ ಉಳಿದವರು, ದಳ ಬಿಟ್ಟು ಅಲೆದವರು ಮುಂತಾದ ಅಮೆರಿಕನ್ ಸಿಪಾಯಿಗಳನ್ನು ಅಲ್ಲಿ ಸೆರೆಯಲ್ಲಿಡುತ್ತಿದ್ದರು. ಆ ಸೆರೆಯಾಳುಗಳನ್ನು ದೊಣ್ಣೆಯಿಂದ ಹೊಡೆದು, ನಾನಾ ಬಗೆಯಾಗಿ ಹಿಂಸಿಸಿದರೆಂದು ಕಾವಲುಗಾರರ ಮೇಲೆ ಆರೋಪ ಬಂತು. 1945ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸೈನಿಕ ವಿಚಾರಣೆ ತೊಡಗಿತು. ಮುಂದೆ ಅದು ಜರ್ಮನಿಯ ಬಾಡ್ ನೌಹೈಮಿಗೆ ವರ್ಗವಾಯಿತು. ಆರೋಪಿತರಾದ ಸಾಮಾನ್ಯ ದರ್ಜೆಯ ಕಾವಲುಗಾರರ ಪರವಾಗಿ ನಿಲ್ಲುವ ಕೆಲಸ ಜಾನ್ಸನ್ನರ ಪಾಲಿಗೆ ಬಂತು.

ಹೊಡೆದವರ ಪರವಾಗಿ ವಾದಿಸುವುದು ಹೇಗೆ? ಹೊಡೆದದ್ದು ನಿಜ, ಆದರೆ ಹೊಡೆಯುವ ಪದ್ಧತಿಯನ್ನು ಹಾಕಿದವರು ಯಾರು, ಕಂಡೂ ಕಾಣದವರಂತೆ ಇದ್ದವರು ಯಾರು ಎಂಬುದೇ ಕಾವಲುಗಾರರ ಪಕ್ಷದ ಪ್ರಶ್ನೆಯಾಗಿತ್ತು. ಆಜ್ಞೆ ಮೇಲಿನಿಂದ ಇಳಿದು ಬಂತೆಂದು ಅವರು ಹೇಳಿದರು. ಕೊನೆಗೆ ಶಿಬಿರದ ಮುಖ್ಯಸ್ಥನಾದ ಕರ್ನಲನೂ ಕಟಕಟೆಗೆ ಬರಬೇಕಾಯಿತು. 1946ರಲ್ಲಿ ಬಂದ ತೀರ್ಪು ವಿಚಿತ್ರವಾಗಿತ್ತು: ಕೆಳಗಿನವರಲ್ಲಿ ಕೆಲವರಿಗೆ ಸೆರೆವಾಸ, ಕರ್ನಲನಿಗೆ 500 ಡಾಲರು ದಂಡ ಮತ್ತು ಒಂದು ಛೀಮಾರಿ.

ಒಬ್ಬ ಮನುಷ್ಯನ ಇಡೀ ಬಾಳನ್ನು ಯೌವನದ ಒಂದು ಘಟನೆಯಿಂದ ವಿವರಿಸುವುದು ಚರಿತ್ರಕಾರನಿಗೆ ಒಪ್ಪುವ ಕೆಲಸವಲ್ಲ. ಆದರೂ ಮುಂದೆ ಇವರು ಕೊಟ್ಟ ತೀರ್ಪುಗಳನ್ನು ಓದುವವನಿಗೆ ಲಿಚ್‌ಫೀಲ್ಡ್ ನೆನಪಾಗದೆ ಇರದು. ಬಾಗಿಲಲ್ಲಿ ನಿಂತ ಕಾವಲುಗಾರನನ್ನು ಹಿಡಿದು ದಂಡಿಸಿ ಕೈತೊಳೆದುಕೊಳ್ಳುವುದು ಇವರ ರೀತಿಯಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತಿದ್ದರೆ ಬೇಲಿ ಹಾಕಿಸಿದವನು ಯಾರೆಂದು ಕೇಳುವುದು ಇವರ ರೀತಿ.

ಸೈನ್ಯದಿಂದ ಮರಳಿ ಜಾಸ್ಪರ್ ಎಂಬ ಊರಿನಲ್ಲಿ ವಕೀಲಿ ಹೂಡಿದರು. 1952ರ ಚುನಾವಣೆಯಲ್ಲಿ ಐಸೆನ್‌ಹೋವರರ ಪರವಾಗಿ ಅಲಬಾಮದಲ್ಲಿ ದುಡಿದರು. ಮರುವರ್ಷ ಉತ್ತರ ಅಲಬಾಮಕ್ಕೆ ಸಂಯುಕ್ತ ಸರ್ಕಾರದ ಸರ್ಕಾರಿ ವಕೀಲರಾದರು. ಬಡ ಕಪ್ಪು ಜನರ ಜುಲ್ಮಾನೆಯನ್ನು ಕಟ್ಟಿ ಜೈಲಿನಿಂದ ಬಿಡಿಸಿ, ಆ ಸಾಲದ ನೆಪದಲ್ಲಿ ಅವರನ್ನು ಜೀತಕ್ಕೆ ದುಡಿಸುತ್ತಿದ್ದ ಬಿಳಿಯ ಜಮೀನುದಾರರ ಮೇಲೆ ಮೊಕದ್ದಮೆ ನಡೆಸಿ, ಬಿಳಿಯ ಜೂರಿಯವರಿಂದಲೇ 1954ರಲ್ಲಿ ಅವರು ಅಪರಾಧಿಗಳೆಂದು ಹೇಳಿಸಿದ್ದು ಈ ಕಾಲದ ಸಾಧನೆ.

ಇಲ್ಲಿ ಅಮೆರಿಕದ ನ್ಯಾಯವ್ಯವಸ್ಥೆಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿರುವಂತೆ ಕೆಳಗಿನ ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ ಅಲ್ಲಿಲ್ಲ. ಸಂಸ್ಥಾನದ ಕೋರ್ಟುಗಳು ಬೇರೆ, ಸಂಯುಕ್ತ ಸರ್ಕಾರದ ಫೆಡರಲ್ ಕೋರ್ಟುಗಳು ಬೇರೆ. ಅಲಬಾಮದಂಥ ಸಂಸ್ಥಾನಗಳಲ್ಲಿ ಸಂಸ್ಥಾನದ ನ್ಯಾಯಾಧೀಶ ಮತದಾರರಿಂದ ಆರಿಸಿ ಬರಬೇಕು. ಬಿಳಿಯರಿಗಷ್ಟೇ ಮತವಿದ್ದ ಕಾಲದಲ್ಲಿ ಅವನ ನ್ಯಾಯವೂ ಅಷ್ಟರದೇ. ಫೆಡರಲ್ ನ್ಯಾಯಾಧೀಶನನ್ನಾದರೋ ರಾಷ್ಟ್ರಾಧ್ಯಕ್ಷರು ಹೆಸರಿಸಿ, ಸೆನೆಟ್ ಸಭೆ ಒಪ್ಪಬೇಕು. ಒಮ್ಮೆ ಕುಳಿತನೆಂದರೆ ಜೀವಾವಧಿ. ಮತದಾರನ ಮುನಿಸು ಅವನನ್ನು ಕುರ್ಚಿಯಿಂದ ಇಳಿಸಲಾರದು. ಅದೇ ಊರಿನಲ್ಲಿ ಬಾಳಬೇಕಾದ ಅವನ ನೆಮ್ಮದಿಯನ್ನು ಕೆಡಿಸಬಹುದು, ಅಷ್ಟೆ.

ಬಸ್ಸಿನ ಆಸನ

1955ರ ನವೆಂಬರಿನಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ, ಜಾನ್ಸನ್ನರು ಮಧ್ಯ ಅಲಬಾಮದ ಫೆಡರಲ್ ನ್ಯಾಯಾಧೀಶರಾಗಿ ಮಾಂಟ್‌ಗೊಮರಿ ನಗರದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ತಿಂಗಳು ತುಂಬುವ ಮೊದಲೇ, ಡಿಸೆಂಬರ್ 1ರಂದು, ಅದೇ ನಗರದ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎಂಬ ಹೊಲಿಗೆಯ ಹೆಂಗಸು ಬಿಳಿಯನಿಗೆ ಆಸನ ಬಿಟ್ಟುಕೊಡಲು ಒಪ್ಪದೆ ಸೆರೆಯಾದಳು. ಕಪ್ಪು ಜನ ಬಸ್ಸು ಹತ್ತುವುದನ್ನೇ ಬಿಟ್ಟರು. ಇಪ್ಪತ್ತಾರು ವರ್ಷದ ಪಾದ್ರಿ ಕಿಂಗರು ಅವರ ಮುಖಂಡರಾದರು. ಚಳಿ, ಮಳೆ, ಬಿಸಿಲೆನ್ನದೆ ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು.

ಆದರೆ ಆ ನಡಿಗೆಗೆ ಕಾನೂನಿನ ಜಯ ದೊರೆತದ್ದು ಇನ್ನೊಂದು ಮೊಕದ್ದಮೆಯಿಂದ. ಆರೀಲಿಯ ಬ್ರೌಡರ್ ಮುಂತಾದ ನಾಲ್ವರು ಹೆಂಗಸರು—ಅವರಲ್ಲಿ ಕ್ಲಾಡೆಟ್ ಕಾಲ್ವಿನ್ ಇನ್ನೂ ಹದಿಹರೆಯದ ಹುಡುಗಿ—ಫೆಡರಲ್ ಕೋರ್ಟಿಗೆ ಹೋದರು. ಸಂಸ್ಥಾನದ ಶಾಸನವೇ ಸಂವಿಧಾನ ವಿರುದ್ಧವೆಂಬ ವಾದವಾದ್ದರಿಂದ ಮೂವರು ನ್ಯಾಯಾಧೀಶರ ಪೀಠ ಕುಳಿತಿತು: ರಿಚರ್ಡ್ ರೀವ್ಸ್, ಸೀಬರ್ನ್ ಲಿನ್ ಮತ್ತು ಜಾನ್ಸನ್. 1954ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬಣ್ಣದ ಭೇದ ಕೂಡದೆಂದಿತ್ತು. ಆದರೆ ಅದು ಶಾಲೆಯ ಮಾತು; ಬಸ್ಸಿನ ಬಗ್ಗೆ ‘ಪ್ರತ್ಯೇಕವಾದರೂ ಸಮಾನ’ ಎಂಬ 1896ರ ಹಳೆಯ ತೀರ್ಪನ್ನು ಯಾರೂ ಸ್ಪಷ್ಟವಾಗಿ ರದ್ದು ಮಾಡಿರಲಿಲ್ಲ. ಮೇಲಿನ ಕೋರ್ಟು ಹೇಳುವ ತನಕ ಕಾಯಬೇಕೆಂದು ಲಿನ್ನರ ಅಭಿಪ್ರಾಯ. ಪೀಠದಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಅಭಿಪ್ರಾಯ ಹೇಳುವುದು ಸಂಪ್ರದಾಯ. ಜಾನ್ಸನ್ನರು ಸಂದೇಹಕ್ಕೆಡೆಯಿಲ್ಲದೆ ಈ ಶಾಸನ ನಿಲ್ಲದೆಂದರು, ರೀವ್ಸರು ಜೊತೆಗೂಡಿದರು. 1956ರ ಜೂನ್ 5ರಂದು ಎರಡಕ್ಕೆ ಒಂದರ ತೀರ್ಪು ಹೊರಬಿತ್ತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 381 ದಿನಗಳ ನಡಿಗೆ ಮುಗಿದು ಕಪ್ಪು ಜನ ಡಿಸೆಂಬರ್ 21ರಂದು ತಮಗೆ ಬೇಕಾದ ಆಸನದಲ್ಲಿ ಕುಳಿತರು.

ಇದಕ್ಕೆ ಬೆಲೆ ತೆರಬೇಕಾಯಿತು. ಜಾನ್ಸನ್ನರ ಮನೆಯಂಗಳದಲ್ಲಿ ಶಿಲುಬೆ ಉರಿಯಿತು. ದಕ್ಷಿಣದ ಪುಂಡರ ಭಾಷೆಯಲ್ಲಿ ಅದರ ಅರ್ಥ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ರೀವ್ಸರ ಮೃತ ಮಗನ ಸಮಾಧಿಯನ್ನೂ ಕೆಡಿಸಿದರು. ಬಯ್ಗುಳದ ಕಾಗದಗಳು, ನಡುರಾತ್ರಿಯ ಟೆಲಿಫೋನುಗಳು ಮಾಮೂಲಾದವು.

ಹಳೆಯ ಗೆಳೆಯ

1958ರ ಕೊನೆಗೆ ಕಪ್ಪು ಜನರಿಗೆ ಮತಪಟ್ಟಿಯಲ್ಲಿ ಸ್ಥಳ ಕೊಡದಿರುವ ಬಗ್ಗೆ ವಿಚಾರಿಸಲು ಸಂಯುಕ್ತ ಸರ್ಕಾರದ ಆಯೋಗವೊಂದು ಅಲಬಾಮಕ್ಕೆ ಬಂತು. ಆಗ ಸಂಸ್ಥಾನದ ನ್ಯಾಯಾಧೀಶನಾಗಿದ್ದ ಜಾರ್ಜ್ ವಾಲೆಸ್ ತನ್ನ ಎರಡು ಕೌಂಟಿಗಳ ದಾಖಲೆಗಳನ್ನು ಕೊಡಲಾರೆನೆಂದು ಸಾರಿದ. ಕೊಡಬೇಕೆಂದು ಜಾನ್ಸನ್ನರ ಆಜ್ಞೆಯಾಯಿತು. ವಾಲೆಸ್ ರಾತ್ರಿಯ ಹೊತ್ತು ಹಳೆಯ ಗೆಳೆಯನ ಮನೆಗೆ ಬಂದ. ಜನರೆದುರು ಸೆಟೆದು ನಿಂತಂತೆ ತೋರಬೇಕು, ಶಿಕ್ಷೆ ಮಾತ್ರ ಹಗುರವಾಗಿರಬೇಕು. ಇದು ಅವನ ಬಯಕೆ. ಗೆಳೆಯ ಒಪ್ಪಲಿಲ್ಲ. ಕೊನೆಗೆ ವಾಲೆಸ್ ದಾಖಲೆಗಳನ್ನು ಸಂಸ್ಥಾನದ ಜೂರಿಗಳ ಕೈಗಿತ್ತು, ಅವರ ಮೂಲಕ ಗುಟ್ಟಾಗಿ ಆಯೋಗಕ್ಕೆ ಮುಟ್ಟಿಸಿದ. ಹೊರಗೆ ಮಾತ್ರ ಬಗ್ಗಲಿಲ್ಲವೆಂದು ಮೆರೆದ. 1959ರ ಜನವರಿಯಲ್ಲಿ ಜಾನ್ಸನ್ನರು ತೀರ್ಪಿತ್ತರು: ಇವನು ನ್ಯಾಯಾಲಯ ನಿಂದನೆ ಮಾಡಿಲ್ಲ, ಏಕೆಂದರೆ ವಕ್ರಮಾರ್ಗದಿಂದಾದರೂ ಆಜ್ಞೆಯನ್ನು ಪಾಲಿಸಿದ್ದಾನೆ. ಜೈಲಿಗೆ ಹೋಗಿ ವೀರನಾಗಬೇಕೆಂದಿದ್ದವನಿಗೆ ಬಿಡುಗಡೆಗಿಂತ ಕಠಿಣ ಶಿಕ್ಷೆ ಇನ್ನಾವುದು! ಗೆಳೆತನ ಅಲ್ಲಿಗೆ ಮುಗಿಯಿತು. 1962ರ ಚುನಾವಣೆಯಲ್ಲಿ ಈ ನ್ಯಾಯಾಧೀಶರನ್ನು ಊರೂರಿನಲ್ಲಿ ಜರೆಯುತ್ತಲೇ ವಾಲೆಸ್ ಗವರ್ನರನಾದ.

ಆದರೆ ಜಾನ್ಸನ್ನರನ್ನು ಚಳವಳಿಯ ಮನುಷ್ಯರೆಂದು ತಿಳಿದರೆ ತಪ್ಪಾಗುತ್ತದೆ. ಟಸ್ಕೀಗಿ ಎಂಬ ಊರಿನ ಎಲ್ಲೆಯನ್ನು ಅಂಕುಡೊಂಕಾಗಿ ಕತ್ತರಿಸಿ ಕಪ್ಪು ಮತದಾರರಲ್ಲಿ ಬಹುತೇಕ ಎಲ್ಲರನ್ನೂ ಊರ ಹೊರಗೆ ಹಾಕಿದಾಗ, ಊರಿನ ಎಲ್ಲೆ ಹಾಕುವುದು ಶಾಸನಸಭೆಯ ಅಧಿಕಾರವೆಂದು ಹಳೆಯ ತೀರ್ಪುಗಳನ್ನು ನಂಬಿ ಅವರು ದಾವೆಯನ್ನು ವಜಾ ಮಾಡಿದರು. 1960ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಕ್ಕೊರಲಿನಿಂದ ತಿರುಗಿಸಿತು. 1961ರಲ್ಲಿ ಬಿಳಿಯರೂ ಕಪ್ಪು ಜನರೂ ಕೂಡಿ ಬಸ್ಸಿನಲ್ಲಿ ದಕ್ಷಿಣಕ್ಕೆ ಹೊರಟ ‘ಸ್ವಾತಂತ್ರ್ಯ ಯಾತ್ರಿಕ’ರನ್ನು ಮಾಂಟ್‌ಗೊಮರಿಯಲ್ಲಿ ಪುಂಡರು ಬಡಿದಾಗ, ಪುಂಡರಿಗೂ ಕಾಪಾಡದೆ ಕೈಕಟ್ಟಿ ನಿಂತ ಪೊಲೀಸರಿಗೂ ತಡೆಯಾಜ್ಞೆ ಕೊಟ್ಟರು, ಜೊತೆಗೆ ಯಾತ್ರಿಕರಿಗೂ ಕೆಲಕಾಲ ಯಾತ್ರೆ ನಿಲ್ಲಿಸುವಂತೆ ಹೇಳಿದರು. ಎರಡೂ ಪಕ್ಷದವರು ಮುನಿದರು. ಕಾನೂನು ಎಲ್ಲಿಯವರೆಗೆ ಒಯ್ಯುತ್ತದೆಯೋ ಅಲ್ಲಿಯವರೆಗೆ ಹೋಗುವುದು, ಹೋದ ಮೇಲೆ ಹಿಂದೆ ನೋಡದಿರುವುದು: ಇದು ಅವರ ನಡೆ.

ಸೆಲ್ಮದ ದಾರಿ

ಈ ನಡೆಯ ದೊಡ್ಡ ಪರೀಕ್ಷೆ 1965ರ ಮಾರ್ಚಿನಲ್ಲಿ ಬಂತು. ಮತದ ಹಕ್ಕು ಕೇಳಲು ಸೆಲ್ಮದಿಂದ ರಾಜಧಾನಿ ಮಾಂಟ್‌ಗೊಮರಿಗೆ ನಡೆದು ಹೋಗಬೇಕೆಂದು ಸುಮಾರು ಆರುನೂರು ಜನ ಮಾರ್ಚ್ 7ರ ಭಾನುವಾರ ಹೊರಟರು. ಊರ ಸೇತುವೆ ದಾಟುತ್ತಲೇ ಸಂಸ್ಥಾನದ ಪೊಲೀಸರು ಲಾಠಿಯಿಂದಲೂ ಅಶ್ರುವಾಯುವಿನಿಂದಲೂ ಅವರ ಮೇಲೆ ಬಿದ್ದರು. ಕುದುರೆಗಳು ಜನರನ್ನು ಅಟ್ಟಿಸಿಕೊಂಡು ಹೋದವು. ಅಂದು ರಾತ್ರಿ ದೇಶವೆಲ್ಲ ಅದನ್ನು ಟೆಲಿವಿಷನ್ನಿನಲ್ಲಿ ಕಂಡಿತು.

ಗವರ್ನರ್ ವಾಲೆಸನ ವಿರುದ್ಧ ರಕ್ಷಣೆ ಕೋರಿ ಚಳವಳಿಯವರು ಜಾನ್ಸನ್ನರ ಬಳಿಗೆ ಬಂದರು. ಅವರ ಮೊದಲ ಆಜ್ಞೆ ಎಲ್ಲರನ್ನೂ ಬೆರಗುಗೊಳಿಸಿತು: ವಿಚಾರಣೆ ಮುಗಿಯುವ ತನಕ ಯಾರೂ ನಡೆಯಕೂಡದು. ಮಾರ್ಚ್ 9ರಂದು ಕಿಂಗರು ಸಾವಿರಾರು ಜನರೊಡನೆ ಸೇತುವೆಯವರೆಗೆ ಹೋಗಿ, ಮೊಣಕಾಲೂರಿ ಪ್ರಾರ್ಥಿಸಿ, ಹಿಂತಿರುಗಿದರು. ತಮ್ಮವರಿಂದಲೇ ಹೇಡಿತನದ ಮಾತು ಕೇಳಬೇಕಾಯಿತು. ಆದರೆ ಫೆಡರಲ್ ನ್ಯಾಯಾಧೀಶನ ಆಜ್ಞೆಯನ್ನು ತಾವೇ ಮುರಿದರೆ, ನಾಳೆ ಅದೇ ಆಜ್ಞೆಯನ್ನು ವಾಲೆಸನಿಗೆ ತೋರಿಸುವ ನೈತಿಕ ಬಲ ಎಲ್ಲಿಂದ ಬರಬೇಕು? ಆ ಸಂದಿಗ್ಧದಲ್ಲಿ ಹಿಂತಿರುಗುವುದಕ್ಕೆ ಮುನ್ನುಗ್ಗುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕಾಗಿತ್ತು.

ಕೋರ್ಟಿನಲ್ಲಿ ಗಾಯಗೊಂಡವರ ಸಾಕ್ಷ್ಯವಾಯಿತು. ಆ ಭಾನುವಾರದ ಚಲಚ್ಚಿತ್ರವನ್ನು ತೋರಿಸಿದರು. ತೀರ್ಪು ಬರೆಯುವ ಮೊದಲು ಜಾನ್ಸನ್ನರು ವಾಷಿಂಗ್ಟನ್ನಿನಿಂದ ಒಂದು ಭರವಸೆ ಪಡೆದರು: ತಮ್ಮ ಆಜ್ಞೆಯನ್ನು ಜಾರಿಗೆ ತರಲು ಸಂಯುಕ್ತ ಸರ್ಕಾರ ಸಿದ್ಧವಿದೆಯೆ? ಇಲ್ಲಿ ಹಳೆಯ ಸೈನಿಕ ಕಾಣುತ್ತಾನೆ. ನಡೆಯದ ಆಜ್ಞೆಯನ್ನು ಕೊಡುವುದಕ್ಕಿಂತ ಆಜ್ಞೆಯನ್ನೇ ಕೊಡದಿರುವುದು ಲೇಸೆಂದು ದಂಡಿನಲ್ಲಿದ್ದವನಿಗೆ ತಿಳಿದಿರುತ್ತದೆ.

ಮಾರ್ಚ್ 17ರ ತೀರ್ಪಿನ ತಿರುಳು ಹೀಗಿದೆ. ಹೆದ್ದಾರಿ ವಾಹನಗಳಿಗೆಂದು ಇರುವುದು ನಿಜ. ಸಾಮಾನ್ಯ ಕಾಲದಲ್ಲಿ ಸಾವಿರಾರು ಜನ ಅದರ ಮೇಲೆ ಐವತ್ತು ಮೈಲಿ ನಡೆಯುವುದು ಹಕ್ಕಾಗದು. ಆದರೆ ಪ್ರತಿಭಟನೆಯ ಹಕ್ಕಿನ ಅಳತೆ ಅನ್ಯಾಯದ ಅಳತೆಗೆ ತಕ್ಕಂತಿರಬೇಕು. ಇಲ್ಲಿ ಅನ್ಯಾಯ ಅಪಾರ. ಆದ್ದರಿಂದ ನಡೆಯುವ ಹಕ್ಕೂ ಅದಕ್ಕೆ ತಕ್ಕಷ್ಟು ದೊಡ್ಡದು. ಈ ತತ್ತ್ವವನ್ನು ಒಪ್ಪದ ಕಾನೂನು ಪಂಡಿತರೂ ಇದ್ದರು. ಅನ್ಯಾಯವನ್ನು ಅಳೆಯುವ ಕೋಲು ಯಾರ ಕೈಯಲ್ಲಿ ಎಂದು ಅವರು ಕೇಳಿದರು. ಪ್ರಶ್ನೆ ಸಾಧುವಾದುದೇ. ಆದರೆ ತತ್ತ್ವದ ಬೆನ್ನಲ್ಲೇ ಬಂದ ವಿವರಗಳನ್ನು ನೋಡಬೇಕು: ರಸ್ತೆ ಕಿರಿದಾಗಿ ಎರಡೇ ಸಾಲಿರುವ ಕಡೆ ಮುನ್ನೂರಕ್ಕಿಂತ ಹೆಚ್ಚು ಜನ ನಡೆಯಕೂಡದು, ರಾತ್ರಿಯ ಬಿಡಾರ, ಊಟ, ಶೌಚದ ಏರ್ಪಾಟು ಮೊದಲೇ ಗೊತ್ತಾಗಿರಬೇಕು. ಹಕ್ಕು ಆಕಾಶದಷ್ಟು, ಆಜ್ಞೆ ಮೊಳ ಹಾಕಿದಷ್ಟು.

ಕಾವಲಿಗೆ ಸಂಸ್ಥಾನದ ಬಳಿ ಹಣವಿಲ್ಲವೆಂದು ವಾಲೆಸ್ ಹೇಳಿದ. ಅಧ್ಯಕ್ಷ ಲಿಂಡನ್ ಜಾನ್ಸನ್—ನಮ್ಮ ನ್ಯಾಯಾಧೀಶರಿಗೂ ಅವರಿಗೂ ಹೆಸರಿನ ಹೊರತು ಬೇರೆ ನಂಟಿಲ್ಲ—ಅಲಬಾಮದ ರಕ್ಷಕ ದಳವನ್ನು ಸಂಯುಕ್ತ ಸರ್ಕಾರದ ಅಧೀನಕ್ಕೆ ತೆಗೆದುಕೊಂಡು, ಸೈನ್ಯವನ್ನೂ ಕಳುಹಿಸಿದರು. ಮಾರ್ಚ್ 21ರಂದು ಹೊರಟವರು 25ರಂದು ರಾಜಧಾನಿ ಸೇರುವಾಗ ಇಪ್ಪತ್ತೈದು ಸಾವಿರ ಜನರಾಗಿದ್ದರು. ಆಗಸ್ಟಿನಲ್ಲಿ ಮತಾಧಿಕಾರದ ಕಾಯಿದೆ ಬಂತು.

ಆ ಸಂಭ್ರಮದ ರಾತ್ರಿಯೇ ವಯೋಲ ಲಿಯುಜ್ಜೊ ಎಂಬ ಐವರು ಮಕ್ಕಳ ತಾಯಿ, ನಡಿಗೆಯವರನ್ನು ಕಾರಿನಲ್ಲಿ ಒಯ್ಯುತ್ತಿದ್ದಾಗ, ಗುಂಡೇಟಿಗೆ ಬಲಿಯಾದಳು. ಕೊಲೆಗಾಗಿ ಮೊದಲು ವಿಚಾರಣೆಗೆ ಬಂದ ಆರೋಪಿಯನ್ನು ಸಂಸ್ಥಾನದ ಕೋರ್ಟಿನ ಜೂರಿ ಬಿಟ್ಟುಬಿಟ್ಟಿತು. ಹಕ್ಕುಗಳನ್ನು ಕಸಿಯುವ ಒಳಸಂಚಿಗಾಗಿ ಮೂವರ ಮೇಲೆ ಫೆಡರಲ್ ಮೊಕದ್ದಮೆ ಜಾನ್ಸನ್ನರ ಮುಂದೆ ಬಂತು. ಬಿಳಿಯ ಗಂಡಸರೇ ತುಂಬಿದ ಜೂರಿ ತಮಗೆ ಒಮ್ಮತ ಬಾರದೆಂದಿತು. ಇನ್ನೊಮ್ಮೆ ಕುಳಿತು ಯೋಚಿಸಿರೆಂದು ಅವರನ್ನು ಒಳಗೆ ಕಳುಹಿಸಿದರು. 1965ರ ಡಿಸೆಂಬರಿನಲ್ಲಿ ಮೂವರೂ ಅಪರಾಧಿಗಳೆಂದು ತೀರ್ಮಾನವಾಯಿತು. ಕಾನೂನು ಅನುಮತಿಸಿದಷ್ಟೂ ಶಿಕ್ಷೆ—ಹತ್ತು ವರ್ಷ—ವಿಧಿಸಿದರು.

ಗೋಡೆಯ ಆಚೆಯವರು

ಇಲ್ಲಿಗೇ ಕಥೆ ಮುಗಿದಿದ್ದರೆ ಜಾನ್ಸನ್ನರು ಒಳ್ಳೆಯ ನ್ಯಾಯಾಧೀಶರ ಸಾಲಿನಲ್ಲಿ ಒಬ್ಬರಾಗಿ ನಿಲ್ಲುತ್ತಿದ್ದರು. ಅವರನ್ನು ಬೇರೆಯಾಗಿ ನಿಲ್ಲಿಸಿದ್ದು ಎಪ್ಪತ್ತರ ದಶಕದ ಕೆಲಸ. ಮೆರವಣಿಗೆ ಮಾಡುವವರಿಗೆ ಕಾಲಿದೆ, ದನಿಯಿದೆ. ಹುಚ್ಚಾಸ್ಪತ್ರೆಯೊಳಗೆ ಕೂಡಿಹಾಕಿದವರಿಗೆ ಏನಿದೆ?

ಟಸ್ಕಲೂಸದ ಬ್ರೈಸ್ ಮಾನಸಿಕ ಆಸ್ಪತ್ರೆಯಲ್ಲಿ ಐದು ಸಾವಿರ ರೋಗಿಗಳಿದ್ದರು. 1970ರಲ್ಲಿ ಸಿಗರೇಟಿನ ತೆರಿಗೆಯ ಉತ್ಪತ್ತಿ ಇಳಿದಾಗ ಸಂಸ್ಥಾನ ಸುಮಾರು ನೂರು ನೌಕರರನ್ನು ತೆಗೆದುಹಾಕಿತು. ಕೆಲಸ ಕಳೆದುಕೊಂಡವರು, ರೋಗಿಗಳ ಕಡೆಯವರೊಂದಿಗೆ ಕೂಡಿ, ದಾವೆ ಹೂಡಿದರು. ರಿಕಿ ವಯಟ್ ಎಂಬ ಹದಿಹರೆಯದ ಹುಡುಗನ ಹೆಸರಿನಲ್ಲಿ ಅದು ನಡೆಯಿತು. ನೌಕರರ ಮಾತು ಬದಿಗೆ ಸರಿಯಿತು; ರೋಗಿಗಳ ಪ್ರಶ್ನೆ ಉಳಿಯಿತು. 1971ರ ಮಾರ್ಚಿನಲ್ಲಿ ಜಾನ್ಸನ್ನರು ಹೇಳಿದ್ದು ಸರಳ ತರ್ಕ. ಅಪರಾಧ ಮಾಡದ ಮನುಷ್ಯನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಕೂಡಿಹಾಕಲು ಸರ್ಕಾರಕ್ಕಿರುವ ಕಾರಣ ಒಂದೇ: ಚಿಕಿತ್ಸೆ. ಚಿಕಿತ್ಸೆಯಿಲ್ಲದಿದ್ದರೆ ಆಸ್ಪತ್ರೆ ಸೆರೆಮನೆಯಾಗುತ್ತದೆ. ಕೂಡಿಹಾಕುವ ಹಕ್ಕೂ ಅಳಿಯುತ್ತದೆ. ಆದ್ದರಿಂದ ಚಿಕಿತ್ಸೆ ರೋಗಿಯ ಸಾಂವಿಧಾನಿಕ ಹಕ್ಕು.

ಆರು ತಿಂಗಳ ಅವಕಾಶ ಕೊಟ್ಟರು. ಸಂಸ್ಥಾನ ತೃಪ್ತಿಕರವಾಗಿ ಏನನ್ನೂ ಮಾಡಲಿಲ್ಲ. 1972ರಲ್ಲಿ ತಾವೇ ಅಳತೆಗಳನ್ನು ಗೊತ್ತುಮಾಡಿದರು. ಒಂದು ಕೋಣೆಯಲ್ಲಿ ಆರು ಜನರಿಗಿಂತ ಹೆಚ್ಚು ಇರಕೂಡದು. ಎಂಟು ರೋಗಿಗಳಿಗೆ ಒಂದು ಶೌಚಾಲಯ. ಸ್ನಾನದ ಬಿಸಿನೀರು 110 ಡಿಗ್ರಿ ಫಾರೆನ್‌ಹೀಟ್. ಪ್ರತಿಯೊಬ್ಬನಿಗೂ ಅವನದೇ ಚಿಕಿತ್ಸೆಯ ಯೋಜನೆ. ಸಂಬಳವಿಲ್ಲದೆ ರೋಗಿಯಿಂದ ಆಸ್ಪತ್ರೆಯ ಚಾಕರಿ ಮಾಡಿಸಕೂಡದು. ನ್ಯಾಯಾಧೀಶರು ಬಿಸಿನೀರಿನ ಕಾವು ಹೇಳಬೇಕೆ ಎಂದು ನಗುವುದು ಸುಲಭ. ಆದರೆ ‘ಮಾನವೀಯವಾಗಿ ನೋಡಿಕೊಳ್ಳಿರಿ’ ಎಂಬ ಆಜ್ಞೆಗೆ ನುಣುಚಿಕೊಳ್ಳಲು ನೂರು ದಾರಿಯುಂಟು. ಉಷ್ಣಮಾಪಕಕ್ಕೆ ದಾರಿ ಒಂದೇ. ಈ ಮೊಕದ್ದಮೆ ಮುಗಿದದ್ದು 2003ರಲ್ಲಿ, ಜಾನ್ಸನ್ನರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ.

ಅನಂತರ ಸೆರೆಮನೆಗಳ ಸರದಿ. ಡ್ರೇಪರ್ ಸೆರೆಮನೆಯಲ್ಲಿ ‘ನಾಯಿಗೂಡು’ ಎಂಬ ಶಿಕ್ಷೆಯ ಕೋಣೆಗಳಿದ್ದವು. ಅಗಲ ನಾಲ್ಕು ಅಡಿ, ಉದ್ದ ಎಂಟು ಅಡಿ. ಮಂಚವಿಲ್ಲ, ದೀಪವಿಲ್ಲ, ನೀರಿಲ್ಲ. ನೆಲದಲ್ಲಿ ಒಂದು ತೂತು. ಅಂಥದರಲ್ಲಿ ಆರು ಜನರನ್ನು ತುಂಬಿದ್ದುಂಟು. ವಿಚಾರಣೆಯ ನಡುವೆ ಸಂಸ್ಥಾನದ ವಕೀಲರೇ ಸಂವಿಧಾನದ ಉಲ್ಲಂಘನೆಯಾಗಿದೆಯೆಂದು ಒಪ್ಪಿಕೊಂಡರು. 1976ರ ಜನವರಿಯ ಆಜ್ಞೆ ಆ ಗೂಡುಗಳನ್ನು ಮುಚ್ಚಿಸಿತು. ಒಬ್ಬನಿಗೆ ಕನಿಷ್ಠ ಅರವತ್ತು ಚದರ ಅಡಿಯ ಕೋಣೆ ಬೇಕೆಂದಿತು. ಲಿಚ್‌ಫೀಲ್ಡಿನಿಂದ ಇಲ್ಲಿಗೆ ಮೂವತ್ತು ವರ್ಷ. ಆದರೆ ಈ ಸಲ ಕಟಕಟೆಯಲ್ಲಿ ಕಾವಲುಗಾರನಿರಲಿಲ್ಲ. ಸೆರೆಮನೆಗಳ ಮುಖ್ಯಾಧಿಕಾರಿಯೂ ಗವರ್ನರನೂ ಪ್ರತಿವಾದಿಗಳಾಗಿದ್ದರು. 500 ಡಾಲರಿನ ದಂಡ ಕಟ್ಟಿ ಮನೆಗೆ ಹೋಗುವ ಹಾದಿ ಅವರಿಗಿರಲಿಲ್ಲ.

ಸೈನ್ಯಕ್ಕೆ ಸಂಬಂಧಿಸಿದ ಇನ್ನೊಂದು ತೀರ್ಪನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಮಾಂಟ್‌ಗೊಮರಿಯ ವಾಯುನೆಲೆಯಲ್ಲಿ ಶ್ಯಾರನ್ ಫ್ರಾಂಟಿಯೆರೊ ಎಂಬ ಅಧಿಕಾರಿ ಇದ್ದರು. ವಾಯುಪಡೆಯ ಗಂಡಸಿನ ಹೆಂಡತಿ ಏನೂ ರುಜುವಾತಿಲ್ಲದೆ ಅವಲಂಬಿತಳೆನಿಸಿಕೊಂಡು ಮನೆಬಾಡಿಗೆ, ವೈದ್ಯಕೀಯ ಸೌಲಭ್ಯ ಪಡೆಯುತ್ತಿದ್ದಳು. ಹೆಂಗಸಿನ ಗಂಡನಾದರೋ ತನ್ನ ಜೀವನದ ಅರ್ಧಕ್ಕಿಂತ ಹೆಚ್ಚು ವೆಚ್ಚ ಹೆಂಡತಿಯಿಂದಲೇ ನಡೆಯುತ್ತದೆಂದು ತೋರಿಸಬೇಕಾಗಿತ್ತು. 1972ರಲ್ಲಿ ಮೂವರ ಪೀಠದಲ್ಲಿ ಇಬ್ಬರು ನಿಯಮ ಸರಿಯೆಂದರು. ಆ ಇಬ್ಬರಲ್ಲಿ ಒಬ್ಬರು ಬಸ್ಸಿನ ಮೊಕದ್ದಮೆಯ ಅದೇ ರೀವ್ಸರು. ಜಾನ್ಸನ್ನರು ಭಿನ್ನಾಭಿಪ್ರಾಯ ಬರೆದರು. ಮರುವರ್ಷ ಸುಪ್ರೀಂ ಕೋರ್ಟು ಎಂಟಕ್ಕೆ ಒಂದರಂತೆ ಅವರ ಕಡೆಗೆ ಒಲಿಯಿತು. ಯುದ್ಧಕಾಲದಲ್ಲಿ ಅವರ ಪತ್ನಿ ರೂತ್ ನೌಕಾಪಡೆಯ ಮಹಿಳಾ ದಳದಲ್ಲಿ ದುಡಿದವರು. ಸಮವಸ್ತ್ರ ತೊಟ್ಟ ಹೆಂಗಸಿನ ದುಡಿಮೆ ಗಂಡಸಿನದಕ್ಕೆ ಕಡಿಮೆಯಲ್ಲವೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಲೆಕ್ಕ

ಇಷ್ಟಕ್ಕೂ ಒಬ್ಬ ನ್ಯಾಯಾಧೀಶ ಆಸ್ಪತ್ರೆ, ಸೆರೆಮನೆ, ಶಾಲೆಗಳನ್ನೆಲ್ಲ ನಡೆಸಬಹುದೆ? ಅಲಬಾಮದ ನಿಜವಾದ ಗವರ್ನರ್ ಜಾನ್ಸನ್ನನೇ ಎಂದು ಅಂದಿನವರು ಕುಹಕವಾಡುತ್ತಿದ್ದರು. ಜನರಿಂದ ಆರಿಸಿ ಬಾರದವನು, ಜನ ಇಳಿಸಲಾರದವನು ಜನರ ಹಣ ಎಲ್ಲಿ ಖರ್ಚಾಗಬೇಕೆಂದು ಹೇಳುವುದು ಪ್ರಜಾಪ್ರಭುತ್ವಕ್ಕೆ ಹೊಂದುವುದೆ? ಇದು ಬರಿಯ ಕುಹಕವಲ್ಲ. ಸೆರೆಮನೆಗಳ ಮೇಲ್ವಿಚಾರಣೆಗೆ ಅವರು ನೇಮಿಸಿದ ಸಮಿತಿಯನ್ನು ಮೇಲಿನ ಕೋರ್ಟು 1977ರಲ್ಲಿ ತೆಗೆದುಹಾಕಿತು; ಆಜ್ಞೆಯ ಕೆಲವು ಕೊಂಬೆಗಳನ್ನೂ ಕತ್ತರಿಸಿತು. ಸಂಸ್ಥಾನ ತನ್ನ ಕೆಲಸ ತಾನು ಮಾಡದೆ ಕೈಚೆಲ್ಲಿದಾಗ ಕೋರ್ಟು ಬಂದು ನಿಲ್ಲಬೇಕಾಗುತ್ತದೆಂಬುದು ಜಾನ್ಸನ್ನರ ಉತ್ತರ. ಮತದ ಪೆಟ್ಟಿಗೆಯಿಂದ ನ್ಯಾಯ ಪಡೆಯಿರೆಂದು ಹೇಳುವುದು ಮತವಿರುವವರಿಗೆ ಸರಿ. ಮತವನ್ನೇ ಕೊಡದಿರುವವರಿಗೆ, ಕಬ್ಬಿಣದ ಬಾಗಿಲಿನ ಆಚೆ ಇರುವವರಿಗೆ ಆ ಉಪದೇಶ ಗಾಯದ ಮೇಲಿನ ಉಪ್ಪು. ಒಂದು ಮಾತನ್ನು ಎರಡು ಪಕ್ಷದವರೂ ಒಪ್ಪಬೇಕು: ಎರಡು ದಶಕಗಳ ಕಾಲ ಅಲಬಾಮದ ಅಧಿಕಾರಸ್ಥರು ತಾವೇ ಬಿಟ್ಟುಕೊಟ್ಟ ಅಧಿಕಾರವನ್ನು ನ್ಯಾಯಾಧೀಶರು ಕಸಿದುಕೊಂಡರೆಂದು ದೂರಿದರು.

ವೈಯಕ್ತಿಕ ಲೆಕ್ಕ ಬೇರೆಯೇ ಇದೆ. 1967ರ ಏಪ್ರಿಲಿನಲ್ಲಿ ಅವರ ತಾಯಿಯ ಮನೆಗೆ ಬಾಂಬು ಬಿತ್ತು. ಹೆಸರಿನ ಸಾಮ್ಯದಿಂದ ಅದು ಮಗನ ಮನೆಯೆಂದು ಪುಂಡರು ತಿಳಿದಿರಬೇಕು. ಮುದುಕಿ ಪಾರಾದರು, ಊರು ಬಿಡಲಿಲ್ಲ. ವರ್ಷಗಟ್ಟಲೆ ಮನೆಗೆ ಕಾವಲಿತ್ತು. ಊರಿನ ಗಣ್ಯರ ಮನೆಗಳ ಬಾಗಿಲು ಮುಚ್ಚಿದವು. 1975ರಲ್ಲಿ ಒಬ್ಬನೇ ಸಾಕುಮಗನನ್ನು ಕಳೆದುಕೊಂಡರು. ಈ ಯಾವುದನ್ನೂ ಅವರು ತೀರ್ಪಿನೊಳಗೆ ಬರಗೊಡಲಿಲ್ಲ.

1977ರಲ್ಲಿ ಅಧ್ಯಕ್ಷ ಕಾರ್ಟರರು ಅವರನ್ನು ಕೇಂದ್ರ ಪತ್ತೇದಾರಿ ಇಲಾಖೆಯಾದ ಎಫ್.ಬಿ.ಐ.ಗೆ ಮುಖ್ಯಸ್ಥರನ್ನಾಗಿ ಹೆಸರಿಸಿದರು; ರಕ್ತನಾಳದ ಕಾಯಿಲೆಯ ಶಸ್ತ್ರಚಿಕಿತ್ಸೆಯಿಂದಾಗಿ ಅದು ಕೂಡಿಬರಲಿಲ್ಲ. 1979ರಲ್ಲಿ ಮೇಲ್ಮನವಿಯ ಕೋರ್ಟಿಗೆ ಏರಿದರು. ಅವರು ಬಿಟ್ಟ ಜಿಲ್ಲಾ ಪೀಠಕ್ಕೆ 1980ರಲ್ಲಿ ಮೈರನ್ ಥಾಂಪ್ಸನ್ ಬಂದರು. ಟಸ್ಕೀಗಿಯಲ್ಲಿ ಹುಟ್ಟಿದ ಕಪ್ಪು ವಕೀಲರು. ಊರ ಎಲ್ಲೆಯನ್ನು ಕತ್ತರಿಸಿ ಯಾರನ್ನು ಹೊರಗೆ ಹಾಕಿದ್ದರೋ ಅವರ ಮಗ ನ್ಯಾಯಪೀಠದ ಒಳಗೆ ಕುಳಿತ. 1992ರಲ್ಲಿ ಮಾಂಟ್‌ಗೊಮರಿಯ ಫೆಡರಲ್ ಕೋರ್ಟಿನ ಕಟ್ಟಡಕ್ಕೆ ಜಾನ್ಸನ್ನರ ಹೆಸರಿಟ್ಟರು. 1995ರಲ್ಲಿ ರಾಷ್ಟ್ರದ ಅತ್ಯುಚ್ಚ ನಾಗರಿಕ ಪದಕ ಬಂತು. 1999ರ ಜುಲೈ 23ರಂದು ತೀರಿಕೊಂಡರು.

ಅಲಬಾಮದ ಸೆರೆಮನೆಗಳ ಮೊಕದ್ದಮೆಗಳು ಅವರೊಡನೆ ಮುಗಿಯಲಿಲ್ಲ. ಈ ಶತಮಾನದಲ್ಲಿಯೂ ಅದೇ ಮಾಂಟ್‌ಗೊಮರಿಯ ಕೋರ್ಟಿನಲ್ಲಿ, ಥಾಂಪ್ಸನ್ನರ ಮುಂದೆ, ಸೆರೆಯಾಳುಗಳ ಮಾನಸಿಕ ಚಿಕಿತ್ಸೆಯ ಪ್ರಶ್ನೆ ಬಂತು. 2017ರಲ್ಲಿ ಅವರು ಅಲ್ಲಿನ ಚಿಕಿತ್ಸೆ ಸಂವಿಧಾನಕ್ಕೆ ವಿರುದ್ಧವಾಗುವಷ್ಟು ಕೆಟ್ಟಿದೆಯೆಂದು ತೀರ್ಪಿತ್ತರು. ನ್ಯಾಯಾಧೀಶನ ಹಾಳೆ ಒಮ್ಮೆ ಬರೆದು ಮುಗಿಯುವಂಥದಲ್ಲ. ಪೂಜಾರಿ ಬಾಗಿಲು ಹಾಕಿದಾಗಲೆಲ್ಲ ಅದನ್ನು ಮತ್ತೆ ಬರೆಯಬೇಕು; ಬರೆಯುವಾಗ ನೀರಿನ ಕಾವು, ಕೋಣೆಯ ಅಗಲ, ದಾರಿಯ ಉದ್ದ ಎಲ್ಲವನ್ನೂ ಬಿಡದೆ ಬರೆಯಬೇಕು.